ಗುಂಪಿನಲ್ಲಿ ಎಲ್ಲರೂ ಕ್ಷೇಮ

ವಾಟ್ಸಾಪ್ ಗುಂಪೊಂದು ತಣ್ಣಗಿದೆ ಎಂದಾಕ್ಷಣ ಅಲ್ಲಿರುವವರೆಲ್ಲ ಸಜ್ಜನರೆಂದು ತಿಳಿಯಬೇಡಿ, ಮ್ಯೂಟ್ ಮಾಡಿಕೊಂಡವರೆಂದು ತಿಳಿಯಿರಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಅಳತೆಯಲ್ಲಿ ಸಿಗುವ ಸೌಲಭ್ಯವಿದು. ಪಳಗಿದವರು ಸೀದಾ ಮೂರನೆಯದಕ್ಕೇ ಕೈಹಾಕುತ್ತಾರೆ. ಒಂದು ಗುಂಪಿಗೆ 1024 ಜನರನ್ನು ತುಂಬಬಹುದು. ಅಷ್ಟೂ ಮಂದಿ ಮ್ಯೂಟ್ ಮಾಡಿದರೆ ಸೌಹಾರ್ದಕ್ಕೆ ಏನು ಕೊರತೆ?

ಆದರೂ ಅಡ್ಮಿನ್ ಎನಿಸಿಕೊಂಡ ಮೇಲೆ ಸುಮ್ಮನಿರಲಾದೀತೆ? ನಿಯಮಾವಳಿ ಬರೆಯಬೇಕು. ಗುಂಪಿನ ವಿವರಣೆಯಲ್ಲಿ ಬರೆದಿಟ್ಟರೆ ಯಾವಾಗ ಸೇರಿದವರಿಗೂ ಕಾಣುತ್ತದೆ. ಆದ್ದರಿಂದ ಅಲ್ಲಿ ಬರೆಯಕೂಡದು. ಮಾರುದ್ದದ ಸಂದೇಶವಾಗಿ ಹಾಕಿ ಪಿನ್ ಮಾಡಬೇಕು, ಅಂದರೆ ಗುಂಪಿನ ನೆತ್ತಿಗೆ ಅಂಟಿಸಬೇಕು. ಪಿನ್ನಿನ ಆಯುಸ್ಸು ಹೆಚ್ಚೆಂದರೆ 30 ದಿನ. ಆಮೇಲೆ ನಿಯಮ ಕಳಚಿ ಬಿದ್ದರೂ ಮುರಿದವರನ್ನು ಬೈಯುವ ಹಕ್ಕು ಅಡ್ಮಿನ್ ಬಳಿಯೇ ಇರುತ್ತದೆ. ಮೊದಲ ಸಾಲು "ರಾಜಕೀಯ ಬೇಡ" ಎಂದಿರಲಿ. ಯಾವುದು ರಾಜಕೀಯ ಎಂದು ಅಪ್ಪಿತಪ್ಪಿಯೂ ವಿವರಿಸಬೇಡಿ. ಅಡ್ಮಿನ್ ಹಾಕಿದ್ದು ಮಾಹಿತಿ, ಮಿಕ್ಕವರು ಹಾಕಿದ್ದು ರಾಜಕೀಯ.

ಜಗಳ ಹತ್ತಿಕೊಂಡಿತೋ, ಕಿಡಿ ಹಚ್ಚಿದ ಸಂದೇಶವನ್ನು ಅಳಿಸಿ. ಅದು ಇದ್ದ ಜಾಗದಲ್ಲಿ ಅಡ್ಮಿನ್ ಅಳಿಸಿದರೆಂಬ ಫಲಕ ತೂಗುತ್ತದೆ. ಅಲ್ಲಿಯತನಕ ಗುಂಪಿನ ಕಡೆ ತಲೆಹಾಕದವರೂ "ಏನಿತ್ತು? ಏನಿತ್ತು?" ಎಂದು ಎದ್ದು ಕೂರುತ್ತಾರೆ. ಸ್ಕ್ರೀನ್‌ಶಾಟ್ ಉಳ್ಳ ಪುಣ್ಯಾತ್ಮನೊಬ್ಬ ಇದ್ದೇ ಇರುತ್ತಾನೆ. ಕೊನೆಗೆ ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ "ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು". ಚರ್ಚೆಗೆಂದು ಹುಟ್ಟಿದ ಗುಂಪು ಅಂದಿನಿಂದ ನೋಟಿಸ್ ಬೋರ್ಡ್. ಚರ್ಚೆಯೇನಿದ್ದರೂ ಪಕ್ಕದಲ್ಲಿ ಹೊಸದಾಗಿ ಹುಟ್ಟಿದ, ಅಡ್ಮಿನ್ ಒಬ್ಬರನ್ನು ಬಿಟ್ಟು ಎಲ್ಲರೂ ಇರುವ ಗುಂಪಿನಲ್ಲಿ.

ಬೇರೆ ದಾರಿ ಇಲ್ಲವೆಂದಲ್ಲ. 1995ರಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿಯೇ ಹೇಳಿತ್ತು: ಸಿಟ್ಟಿನ ಉತ್ತರ ಕಳಿಸುವ ಮುನ್ನ ಒಂದು ರಾತ್ರಿ ಕಳೆಯಲಿ. ಸರಪಳಿ ಪತ್ರ ಹಂಚಬೇಡಿ ಎಂದೂ ಇತ್ತು. ಅದನ್ನು ನಾವು ಎಷ್ಟು ಪಾಲಿಸಿದೆವೆಂದರೆ, ಹಲವು ಬಾರಿ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ 2020ರಲ್ಲಿ ವಾಟ್ಸಾಪ್ ಕಂಪನಿಯೇ ಕೈಕಟ್ಟಬೇಕಾಯಿತು. ಟೆಲಿಗ್ರಾಂನಲ್ಲಿ ಸ್ಲೋ ಮೋಡ್ ಇದೆ: ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದಕ್ಕೆ ಕೆಲವು ಸೆಕೆಂಡಿನಿಂದ ಒಂದು ಗಂಟೆಯವರೆಗೆ ಕಾಯುವಂತೆ ಮಾಡಬಹುದು. ಜಗಳ ಬದುಕುವುದೇ ವೇಗದಲ್ಲಿ. ಹತ್ತು ನಿಮಿಷ ಕಾದವನಿಗೆ ತನ್ನ ಬೈಗುಳ ತನಗೇ ಹಳಸಲು ಅನ್ನಿಸುತ್ತದೆ. ಕಿತ್ತಾಡುವ ಇಬ್ಬರಿಗೂ ಬೇರೆ ಬೇರೆಯಾಗಿ ಖಾಸಗಿಯಲ್ಲಿ ಎರಡು ಮಾತು ಬರೆದರೂ ಅರ್ಧ ಬೆಂಕಿ ಆರುತ್ತದೆ. ತೊಂದರೆ ಏನೆಂದರೆ, ಇದ್ಯಾವುದರಲ್ಲೂ ಅಡ್ಮಿನ್ ಅಧಿಕಾರ ನಾಲ್ಕು ಜನಕ್ಕೆ ಕಾಣುವುದಿಲ್ಲ.

ಬೇಸತ್ತವರು ಈಗ ವಾಟ್ಸಾಪ್ ಗುಂಪಿನಿಂದ ಸದ್ದಿಲ್ಲದೆ ಹೊರಬೀಳಬಹುದು. ಸುದ್ದಿ ಮುಟ್ಟುವುದು ಅಡ್ಮಿನ್‌ಗೆ ಮಾತ್ರ. ಬಿಟ್ಟುಹೋದವರ ಪಟ್ಟಿ ಗುಂಪಿನ ಮಾಹಿತಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಅದೂ ಅಳಿಸಿಹೋಗುತ್ತದೆ. ಅರವತ್ತೊಂದನೆಯ ದಿನ ಅಡ್ಮಿನ್ "ನಮ್ಮದು ಒಂದೇ ಕುಟುಂಬ" ಎಂದು ಧೈರ್ಯವಾಗಿ ಬರೆಯಬಹುದು.