ನಾವು ಬಂದಾಗ ಇಲ್ಲಿ ನರಿ ಕೂಗ್ತಿತ್ತು

ಬೆಂಗಳೂರಿನ ಯಾವ ಬಡಾವಣೆಯ ಪಾರ್ಕಿಗೆ ಬೇಕಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಕಲ್ಲು ಬೆಂಚಿನ ಮೇಲೆ ಮಂಕಿ ಟೋಪಿ ಹಾಕಿದ ಹಿರಿಯರೊಬ್ಬರು ಕೂತಿರುತ್ತಾರೆ. ಪಕ್ಕದಲ್ಲಿ ಐದು ನಿಮಿಷ ಕೂತರೆ ಸಾಕು, ಆ ಮಾತು ಬಂದೇ ಬರುತ್ತದೆ.

‘ನಾವು ಬಂದಾಗ ಇಲ್ಲಿ ನರಿ ಕೂಗ್ತಿತ್ತು ಕಣ್ರೀ.’

ಜಯನಗರದವರು ಹೀಗೇ ಹೇಳುತ್ತಾರೆ. ವಿಜಯನಗರದವರೂ ಹೇಳುತ್ತಾರೆ. ಬನಶಂಕರಿ, ಕೋರಮಂಗಲ, ಯಲಹಂಕ, ಎಲ್ಲರದ್ದೂ ಅದೇ ನರಿ, ಅದೇ ಕೂಗು. ನನಗೊಂದು ಅನುಮಾನವಿದೆ. ಇಷ್ಟೊಂದು ನರಿಗಳು ಈ ಊರಿನಲ್ಲಿ ಯಾವತ್ತೂ ಇರಲಿಲ್ಲ. ಇದ್ದದ್ದು ಒಂದೇ ನರಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಬಂದರಲ್ಲ, ಆಗ ಅದು ಗಂಟುಮೂಟೆ ಕಟ್ಟಿತು. 1948ರಲ್ಲಿ ಜಯನಗರ ಶುರುವಾದಾಗ ಅಲ್ಲಿಂದಲೂ ಹೊರಟಿತು. ಹೋದಲ್ಲೆಲ್ಲ ಹಿಂದೆಯೇ ಅಳತೆ ಟೇಪು ಬಂತು. ಪಾಪ, ಅದು ಪ್ರತಿ ಸಲವೂ ಸೈಟಿಗೆ ಅರ್ಜಿ ಹಾಕಿದ್ದರೆ, ಹಿರಿತನದ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಒಂದು ಕಾರ್ನರ್ ಸೈಟು ಸಿಗುತ್ತಿತ್ತು.

ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತಾರೆ. ನಾನು ಮೊದಲು ನಂಬುತ್ತಿರಲಿಲ್ಲ. ಈಗ ಜಯನಗರದ ಒಂದು ಮೂವತ್ತು ನಲವತ್ತರ ಸೈಟಿನ ಬೆಲೆ ಕೇಳಿದ ಮೇಲೆ ನಂಬುತ್ತೇನೆ. ಆ ಬೆಂಚಿನ ಹಿರಿಯರು ನಿಜವಾಗಲೂ ದಿನಾ ಅದರ ಮುಖ ನೋಡಿಯೇ ಎದ್ದವರು.

ನಮ್ಮದು ಕೆಂಗೇರಿ ಉಪನಗರ. ಹೆಸರಿನಲ್ಲೇ ‘ಉಪ’ ಇದೆ. ಉಪ ಅಂದರೆ ಇನ್ನೂ ಆಗಿಲ್ಲ, ಆಗುವ ಆಸೆ ಜೋರಾಗಿದೆ ಎಂದು ಅರ್ಥ. ನಮ್ಮ ರಾಜ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಇದು ಸ್ಯಾಟಲೈಟ್ ಟೌನ್. ಕೇಳಲು ಭಾರಿ ಅನ್ನಿಸುತ್ತದೆ, ಆದರೆ ಅದರಿಂದ ನಮಗಾದ ಲಾಭ ಒಂದೇ. ‘ಸ್ಯಾಟಲೈಟ್’ ಅಂದರೆ ಆಟೋದವರು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿಸುತ್ತಾರೆ. ನಮ್ಮ ಗೃಹಪ್ರವೇಶದ ದಿನ ಸೋದರತ್ತೆಯೊಬ್ಬರು ಅಲ್ಲೇ ಇಳಿದು, ಬಾಗಿನದ ಚೀಲದ ಮೇಲೆ ಕೂತು, ‘ಮನೆ ಎಲ್ಲಿ, ಬರೀ ಬಸ್ಸೇ ಇದಾವಲ್ಲ’ ಎಂದು ಎರಡು ಗಂಟೆ ಕಾದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದು 1991. ಬಸವನಗುಡಿಯ ನೆಂಟರು ಒಂದು ಮೆಟಡೋರ್ ಮಾಡಿಕೊಂಡು ಬಂದರು. ದಾರಿಗೆ ಪುಳಿಯೋಗರೆ ಕಟ್ಟಿಕೊಂಡಿದ್ದರು. ಚಿಕ್ಕಮ್ಮ ಟಾರ್ಚ್ ತಂದಿದ್ದರು. ಗೃಹಪ್ರವೇಶದ ಊಟಕ್ಕೆ ಬರುವವರು ದಾರಿಗೆ ಬುತ್ತಿ ತಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಧ್ಯಾಹ್ನ ಹೋಳಿಗೆ ಗಂಟಲಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ, ಚಿಕ್ಕಪ್ಪ ಎದ್ದು ನಿಂತರು.

‘ಏಳ್ರೋ ಏಳ್ರೋ, ಕತ್ತಲಾಗೋದ್ರೊಳಗೆ ಬೆಂಗಳೂರು ಸೇರ್ಕೋಬೇಕು.’

ನಾನು ‘ಚಿಕ್ಕಪ್ಪ, ಇದೂ ಬೆಂಗಳೂರೇ’ ಅಂದೆ. ಅವರು ನನ್ನ ಭುಜ ತಟ್ಟಿದರು. ಮೈ ಹುಷಾರಿಲ್ಲದವರನ್ನು ನೋಡಿಕೊಂಡು ಹೊರಡುವಾಗ ತಟ್ಟುತ್ತಾರಲ್ಲ, ಹಾಗೆ.

ಸುಮ್ನೆ ಅವರನ್ನು ಯಾಕೆ ಅನ್ನಬೇಕು, ನಾವೇ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ‘ಸಿಟಿಗೆ ಹೋಗ್ಬರ್ತೀನಿ’ ಅನ್ನುತ್ತಿದ್ದೆವು. ಗಂಡು ನೋಡುವ ಮನೆಗಳಲ್ಲಿ ನಮ್ಮ ಕಡೆಯ ಹುಡುಗರ ಪರಿಚಯ ಹೀಗಿರುತ್ತಿತ್ತು: ‘ಹುಡುಗ ಒಳ್ಳೇವನು. ಬೆಂಗಳೂರೇ. ಆದರೆ ಕೆಂಗೇರಿ.’ ಆ ‘ಆದರೆ’ಯ ಮೇಲೆ ಎಷ್ಟು ಜಾತಕ ಬಿದ್ದು ಹೋದವೋ.

ಎಲ್ಲಕ್ಕಿಂತ ದೊಡ್ಡ ದೂರು ವಾಸನೆಯದು. ಮೈಸೂರಿನಿಂದ ರೈಲಿನಲ್ಲಿ ಬರುವವರಿಗೆ ಕೆಂಗೇರಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ನಿದ್ದೆ ಮಾಡುತ್ತಿದ್ದವರು ತಟ್ಟನೆ ಎದ್ದು ‘ಬೆಂಗಳೂರು ಬಂತು’ ಎಂದು ಬ್ಯಾಗು ಇಳಿಸಿಕೊಳ್ಳುತ್ತಿದ್ದರು. ಕೆಂಗೇರಿ ಮೋರಿ ಅಂದರೆ ಅಷ್ಟು ಪ್ರಸಿದ್ಧಿ. ಚಿಕ್ಕಪ್ಪ ಪ್ರತಿ ಸಲ ಬಂದಾಗಲೂ ಕರ್ಚೀಫು ಮೂಗಿಗೆ ಒತ್ತಿಕೊಂಡು ‘ಅದೇನು ನಿಮ್ಮ ಕೆಂಗೇರಿ ವಾಸನೆ ಕಣಯ್ಯಾ’ ಅನ್ನುತ್ತಿದ್ದರು.

ಆ ಮೋರಿಗೆ ವೃಷಭಾವತಿ ಅಂತ ಹೆಸರು. ಅದು ನದಿ. ಹುಟ್ಟುವುದು ಎಲ್ಲಿ ಗೊತ್ತಾ? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂದು ನಂಬಿಕೆ. ಅದಕ್ಕೇ ಆ ಹೆಸರು. ಇನ್ನೊಂದು ಕವಲಿನ ಮೂಲ ಮಲ್ಲೇಶ್ವರದ ಕಡೆಯದು, ಕಾಡು ಮಲ್ಲಿಕಾರ್ಜುನನ ಗುಡಿ ಹತ್ತಿರದ ನಂದಿತೀರ್ಥ ಎನ್ನುತ್ತಾರೆ. ಅಂದರೆ ಊರಿನ ಇಬ್ಬರು ಹಿರಿಯಣ್ಣಂದಿರೂ ಬೆಳಿಗ್ಗೆ ಎದ್ದು, ಫಿಲ್ಟರ್ ಕಾಫಿ ಕುಡಿದು, ಮಾಡಬೇಕಾದ್ದೆಲ್ಲ ಮಾಡಿ, ನೀರು ಹಾಕಿ ನಮ್ಮ ಕಡೆಗೆ ಕಳಿಸುತ್ತಾರೆ. ಆಮೇಲೆ ಭಾನುವಾರ ಬಂದು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. ‘ಚಿಕ್ಕಪ್ಪ, ಅದು ನಮ್ಮ ವಾಸನೆ ಅಲ್ಲ. ನಿಮ್ಮದೇ ಸರಕು.’ ಆವತ್ತು ಅವರು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಯಾವುದು ಊರು, ಯಾವುದು ಉಪಊರು ಎಂಬುದೇ ಇಲ್ಲಿ ತಮಾಷೆ. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕದ ನಾಡಪ್ರಭು. ಲೆಕ್ಕಕ್ಕೆ ಬೆಂಗಳೂರೇ ಯಲಹಂಕದ ಹೊಸ ಬಡಾವಣೆ. ಆದರೂ ಯಲಹಂಕದವರು ಇವತ್ತಿಗೂ ‘ನಾವು ಸಿಟಿಯಿಂದ ಸ್ವಲ್ಪ ಆಚೆ’ ಎಂದು ತಲೆ ತಗ್ಗಿಸುತ್ತಾರೆ. ಕೆಂಪೇಗೌಡರ ಕಾಲದ ನಾಲ್ಕು ಗೋಪುರಗಳು ಊರು ಎಲ್ಲಿಯವರೆಗೆ ಬೆಳೆಯಬಹುದು ಎಂಬುದಕ್ಕೆ ಗುರುತು ಅಂತ ಐತಿಹ್ಯ. ಒಂದು ಲಾಲ್‌ಬಾಗಿನ ಬಂಡೆ ಮೇಲಿದೆ. ಈಗ ಅಲ್ಲಿ ನಿಂತು ಊರಿನ ಗಡಿ ಹುಡುಕಿದರೆ ಕಾಣುವುದು ಕಡಲೆಕಾಯಿ ಮಾರುವವರು ಮಾತ್ರ.

2007ರಲ್ಲಿ ನಮಗೂ ಬಡ್ತಿ ಸಿಕ್ಕಿತು. ಬೃಹತ್ ಬೆಂಗಳೂರು ಆಗುವಾಗ ಹಳೆ ಪಾಲಿಕೆಗೆ ಏಳು ನಗರಸಭೆ, 110 ಹಳ್ಳಿ ಮತ್ತು ಒಂದೇ ಒಂದು ಪುರಸಭೆ ಸೇರಿದವು. ಆ ಒಂದೇ ಒಂದು ಪುರಸಭೆ ನಮ್ಮ ಕೆಂಗೇರಿ. ಅದೇ ವರ್ಷ ರಾಮನಗರ, ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿಕೊಂಡು ಬೇರೆ ಜಿಲ್ಲೆಯಾಯಿತು. ನಾವು ಒಳಗೆ, ಅವರು ಹೊರಗೆ. ಬಸ್ಸಿನಲ್ಲಿ ಒಬ್ಬರು ಇಳಿದಾಗ ಇನ್ನೊಬ್ಬರು ಕೂರುತ್ತಾರಲ್ಲ, ಹಾಗೆ.

2021ರ ಆಗಸ್ಟಿನಲ್ಲಿ ಮೆಟ್ರೋ ಬಂದ ಮೇಲೆ ನನ್ನ ತಲೆ ತಿರುಗಿತು, ಒಪ್ಪಿಕೊಳ್ಳುತ್ತೇನೆ. ಮೈಸೂರು ರಸ್ತೆಯಿಂದ ಕೆಂಗೇರಿಗೆ ಏಳೂವರೆ ಕಿಲೋಮೀಟರ್ ಹಳಿ. ಕೊನೆಯ ಸ್ಟೇಷನ್ ನಮ್ಮದು. ಹತ್ತಿದರೆ ಸೀಟು ಗ್ಯಾರಂಟಿ. ಒಂದು ವಾರದಲ್ಲಿ ನಾನು ಚಿಕ್ಕಪ್ಪ ಆಗಿಬಿಟ್ಟೆ. ಕುಂಬಳಗೋಡಿನಲ್ಲಿ ಮನೆ ಕಟ್ಟಿಸಿದ ಆಫೀಸಿನ ಹುಡುಗ ಕರೆದಾಗ ಬಾಯಿಂದ ತಾನಾಗಿ ಬಂತು, ‘ಅಯ್ಯೋ, ಅಷ್ಟು ದೂರಾನಾ? ರಾತ್ರಿ ವಾಪಸ್ಸು ಬರೋಕೆ ಏನಾದ್ರೂ ಸಿಗುತ್ತಾ?’ ಅವನೇನೂ ಹೇಳಲಿಲ್ಲ. ನನ್ನ ಭುಜ ತಟ್ಟಿದ.

2023ರಲ್ಲಿ ಹಳಿ ಚಲ್ಲಘಟ್ಟದವರೆಗೆ ಹೋಯಿತು. ಈಗ ಚಲ್ಲಘಟ್ಟದವರು ಕಿಟಕಿ ಪಕ್ಕ ಕೂತು ಬರುತ್ತಾರೆ. ನಾವು ಕಂಬಿ ಹಿಡಿದು ನಿಲ್ಲುತ್ತೇವೆ. ಊರು ಬೆಳೆಯಬಾರದು ಎಂದು ಹಿರಿಯರು ಯಾಕೆ ಹೇಳುತ್ತಾರೆ ಅಂತ ನನಗೆ ಆಗ ಗೊತ್ತಾಯಿತು.

ಆಮೇಲೆ ಬಂತು ನೋಡಿ ದೊಡ್ಡ ಆಟ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ಬೆಂಗಳೂರು ದಕ್ಷಿಣ ಅಂತ ಒಂದು ಲೋಕಸಭಾ ಕ್ಷೇತ್ರ ಮೊದಲೇ ಇತ್ತು. ಒಂದು ವಿಧಾನಸಭಾ ಕ್ಷೇತ್ರವೂ ಇತ್ತು. ಅದೇ ವರ್ಷ ಪಾಲಿಕೆಯನ್ನು ಐದು ಹೋಳು ಮಾಡಿದಾಗ ಒಂದು ಹೋಳಿಗೂ ಅದೇ ಹೆಸರು ಬಂತು. ಇನ್ನು ಮೇಲೆ ಯಾರಾದರೂ ‘ನಮ್ಮದು ಬೆಂಗಳೂರು ದಕ್ಷಿಣ’ ಅಂದರೆ, ಅವರು ಜಯನಗರದಲ್ಲಿ ದೋಸೆ ತಿನ್ನುತ್ತಿರಬಹುದು, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಬಳಿಯುತ್ತಿರಬಹುದು. ಬಿಡದಿಯ ತಟ್ಟೆ ಇಡ್ಲಿ ಈಗ ಬೆಂಗಳೂರು ತಿಂಡಿ. ರಾಮದೇವರ ಬೆಟ್ಟದ ರಣಹದ್ದುಗಳು ಒಂದೂ ಅರ್ಜಿ ಹಾಕದೆ ಬೆಂಗಳೂರಿನ ನಿವಾಸಿಗಳಾದವು. ಚನ್ನಪಟ್ಟಣ ದಾಟಿದರೆ ಮದ್ದೂರು. ವಡೆಯವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.

ನನಗೆ ತುಂಬಾ ಹಿಡಿಸಿದ್ದು ಅದೇ ಜಿಲ್ಲೆಯ ಕನಕಪುರ. ಆ 110 ಹಳ್ಳಿಗಳ ಜನ ಪಾಲಿಕೆ ಸೇರಿ ವರ್ಷಗಟ್ಟಲೆ ಕಾವೇರಿ ನೀರಿಗೆ ಕಾದರು. ಅವರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರ್ ಮತ್ತು ದೇವರು. ಅಷ್ಟು ದೂರದಿಂದ ಪೈಪು ಎಳೆದು, ಪಂಪು ಕೂರಿಸಿ ನೀರು ತರುವುದು ಎಷ್ಟು ಕಷ್ಟ! ಕನಕಪುರ ತಾಲ್ಲೂಕಿನ ಅಂಚಿನಲ್ಲಿ ಸಂಗಮ, ಮೇಕೆದಾಟು ಇವೆ. ಈಗ ಬೆಂಗಳೂರೇ ನಡೆದುಕೊಂಡು ಕಾವೇರಿ ದಡಕ್ಕೆ ಹೋಗಿ ಕೂತಿದೆ. ಇಷ್ಟು ಸುಲಭದ ಉಪಾಯ ಮೊದಲ ಹಂತದಲ್ಲೇ ಯಾರಿಗೂ ಹೊಳೆಯಲಿಲ್ಲವಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ಜಿಲ್ಲೆಯನ್ನು ಬೆಂಗಳೂರಿಗೆ ಸೇರಿಸಿದ್ದು ಸಂಪುಟ ಅಲ್ಲ, ವೃಷಭಾವತಿ. ಕೆಂಗೇರಿ ದಾಟಿದ ಆ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಬಸವನಗುಡಿಯ ಸರಕಿಗೆ ನಮ್ಮದನ್ನೂ ಬೆರೆಸಿ ನಾವು ಮುಂದಕ್ಕೆ ಸಾಗಿಸುತ್ತಾ ಬಂದಿದ್ದೇವೆ. ಅಲ್ಲಿನ ರೈತರು ಅದನ್ನು ನೋಡುತ್ತಾ ಬಂದಿದ್ದಾರೆ. ಹೆಸರು ಮಾತ್ರ ತಡವಾಗಿ ತಲುಪಿತು. ಈಗ ಅದೇ ಕೆರೆಯ ಸುತ್ತ ಟೌನ್‌ಶಿಪ್ ಅಂತೆ. ಜಮೀನು ಕೊಡಲ್ಲ ಅಂತ ರೈತರು ಕೂತಿದ್ದಾರೆ. ಮೊನ್ನೆ ಬೈರಮಂಗಲದ ಮೇಲೆ ಹೋಗುವಾಗ ನಾನು ಕರ್ಚೀಫು ತೆಗೆದೆ. ತೆಗೆದ ಮೇಲೆ ಚಿಕ್ಕಪ್ಪ ನೆನಪಾದರು. ವಾಪಸ್ಸು ಜೇಬಿಗೆ ಹಾಕಿಕೊಂಡೆ.

ಉಪನಗರ ರೈಲಿನ ವಿಷಯ ಜಾಸ್ತಿ ಹೇಳುವಂತಿಲ್ಲ, ಯಾಕೆಂದರೆ ಆ ರೈಲು ಇನ್ನೂ ಇಲ್ಲ. ಅದರ ಮಾತು ಮೊದಲು ಎದ್ದದ್ದು 1983ರಲ್ಲಿ. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನಿನಲ್ಲಿ. ನಾಲ್ಕು ಮಾರ್ಗ, 148 ಕಿಲೋಮೀಟರ್. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗುವ ನಮ್ಮ ಮಾರ್ಗ ಪಾರಿಜಾತ. ಮೋರಿ ಊರಿಗೆ ಪಾರಿಜಾತ! ಆ ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಯಾರು ತಾನೆ ಅನ್ನುತ್ತಾರೆ?

ಹೋದ ಭಾನುವಾರ ಮಗಳು ಅಳಿಯನಿಗೆ ಸೈಟು ನೋಡಲು ಬಿಡದಿ ಆಚೆ ಹೋಗಿದ್ದೆವು. ಬ್ರೋಕರ್ ಹುಡುಗ ಚುರುಕಾಗಿದ್ದ. ಬಿಸಿಲಿನಲ್ಲಿ ಸಾಲಾಗಿ ನೆಟ್ಟ ಬಿಳಿ ಕಲ್ಲುಗಳನ್ನು ತೋರಿಸಿ, ‘ಸರ್, ಜಯನಗರಾನೂ ಬೆಂಗಳೂರು ದಕ್ಷಿಣ, ಇದೂ ಬೆಂಗಳೂರು ದಕ್ಷಿಣ. ರೇಟು ಮಾತ್ರ ವ್ಯತ್ಯಾಸ’ ಅಂದ.

‘ಇಲ್ಲಿ ನರಿ ಕೂಗುತ್ತೇನಪ್ಪಾ?’ ಅಂತ ಕೇಳಿದೆ.

ನಾನು ಹೆದರಿದ್ದೇನೆ ಅಂದುಕೊಂಡ. ‘ಛೇ ಛೇ, ನರಿ ಗಿರಿ ಏನೂ ಇಲ್ಲ ಸರ್. ಗೇಟೆಡ್ ಕಮ್ಯುನಿಟಿ.’

‘ಹಾಗಾದರೆ ನಮಗೆ ಬೇಡ’ ಅಂದೆ. ಅವನ ಮುಖ ಸಪ್ಪೆಯಾಯಿತು. ಅಲ್ಲೇ ಬೇಲಿ ಪಕ್ಕ ಮೇಕೆ ಮೇಯಿಸುತ್ತಿದ್ದ ಅಜ್ಜಿಯನ್ನು ಕೂಗಿದ. ‘ಅಜ್ಜಿ, ಸಾಹೇಬ್ರಿಗೆ ಹೇಳು, ಇಲ್ಲಿ ನರಿ ಕೂಗಲ್ವಾ?’

ಅಜ್ಜಿ ಎಲೆಯಡಿಕೆ ಉಗಿದು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ‘ನರಿ ಎಲ್ಲೈತಪ್ಪಾ. ನೀವು ಕಲ್ಲು ನೆಟ್ಟ ದಿನಾನೇ ಹೊಂಟೋಯ್ತು. ಚನ್ನಪಟ್ಣದ ಕಡೀಕೆ ಹೋಗಿರಬೇಕು.’

ನಾನು ಬ್ರೋಕರ್ ಹುಡುಗನ ಹೆಗಲ ಮೇಲೆ ಕೈ ಹಾಕಿದೆ. ‘ಚನ್ನಪಟ್ಟಣದಲ್ಲಿ ಏನಾದ್ರೂ ಇದೆಯೇನಪ್ಪಾ?’