ಆ ಮೂರು ಪಾಯಿಂಟ್‌ಗಾಗಿ ಡ್ಯಾನ್ ಕ್ಯಾಂಬೆಲ್‌ರನ್ನು ಬೈಯಬೇಡಿ

ಒಂದು ವಾರದಿಂದ ಆಫೀಸಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಮೊನ್ನೆ ಕನ್ನಡದ ಗೆಳೆಯರ ಮನೆ ಊಟದಲ್ಲೂ ಒಂದೇ ಮಾತು. "ಸುಮ್ಮನೆ ಒದ್ದು ಮೂರು ಪಾಯಿಂಟ್ ತಗೊಂಡಿದ್ರೆ ಡೆಟ್ರಾಯಿಟ್ ಲಯನ್ಸ್ ಈ ಸಲ ಸೂಪರ್ ಬೌಲ್ ಆಡ್ತಿತ್ತು." ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ಡ್ಯಾನ್ ಕ್ಯಾಂಬೆಲ್ ನಮ್ಮ ಲಯನ್ಸ್ ತಂಡದ ಕೋಚ್, ಸೂಪರ್ ಬೌಲ್ ಅಂದರೆ ಇಲ್ಲಿನ ಫುಟ್‌ಬಾಲ್ ಲೀಗ್‌ನ ಫೈನಲ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕೈಯಲ್ಲಿರುವ ತಂಡ ನಾಲ್ಕು ಅವಕಾಶಗಳೊಳಗೆ 10 ಗಜ ಮುಂದೆ ಹೋಗಬೇಕು. ಒಂದೊಂದು ಅವಕಾಶಕ್ಕೂ ಡೌನ್ ಅಂತಾರೆ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಹೆಚ್ಚಿನ ಕೋಚ್‌ಗಳು ರಿಸ್ಕ್ ತಗೊಳ್ಳುವುದಿಲ್ಲ. ಗೋಲ್ ಕಂಬ ಹತ್ತಿರವಿದ್ದರೆ ಚೆಂಡನ್ನು ಅದರ ನಡುವೆ ಒದ್ದು 3 ಪಾಯಿಂಟ್ ಗಳಿಸ್ತಾರೆ, ದೂರವಿದ್ದರೆ ಚೆಂಡನ್ನು ಆ ಕಡೆಗೆ ಉದ್ದಕ್ಕೆ ಒದ್ದು ಬಿಡ್ತಾರೆ. ಒದೆಯದೆ ಆಡಿ, ಗಜ ಸಿಗದೇ ಹೋದರೆ ಚೆಂಡು ಅಲ್ಲಿಂದಲೇ ಎದುರಾಳಿಯ ಪಾಲು.

2024ರ ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ವಿರುದ್ಧ ಅವರದೇ ಮೈದಾನದಲ್ಲಿ ಆಟ, ಗೆದ್ದವರು ಸೂಪರ್ ಬೌಲ್‌ಗೆ. ಅರ್ಧ ಆಟಕ್ಕೆ ನಾವು 24-7 ಮುಂದಿದ್ದೆವು. ಆಮೇಲೆ ಎರಡು ಸಲ ನಾಲ್ಕನೇ ಡೌನ್ ಬಂತು. 24-10 ಇದ್ದಾಗ ಎರಡು ಗಜ ಬೇಕಿತ್ತು, 27-24 ಹಿಂದೆ ಬಿದ್ದಾಗ ಮೂರು ಗಜ. ಎರಡೂ ಸಲ ಕ್ಯಾಂಬೆಲ್ ಒದೆಸಲಿಲ್ಲ, ಎರಡೂ ಸಲ ಗಜ ಸಿಗಲಿಲ್ಲ. 34-31ಕ್ಕೆ ಸೋತೆವು. ಜನರ ನೆನಪಿನಲ್ಲಿ ಉಳಿದಿರುವುದು ಇಷ್ಟೇ.

ನನಗೆ ಇಡೀ ಸೀಸನ್ ನೆನಪಿದೆ. 2023ರ ಸೆಪ್ಟೆಂಬರ್ 7, ಮೊದಲ ಆಟ, ಹಿಂದಿನ ಸಲದ ಚಾಂಪಿಯನ್ ಕ್ಯಾನ್ಸಸ್ ಸಿಟಿ ಚೀಫ್ಸ್ ಮನೆಯಂಗಳದಲ್ಲಿ. ಮೊದಲ ಕ್ವಾರ್ಟರ್‌ನಲ್ಲೇ ನಮ್ಮದೇ 17 ಗಜದ ಗೆರೆಯಲ್ಲಿ ನಾಲ್ಕನೇ ಡೌನ್, ಎರಡು ಗಜ ಬೇಕು. ಅಲ್ಲಿ ತಪ್ಪಿದರೆ ಎದುರಾಳಿಗೆ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಪಾಯಿಂಟ್) ತಟ್ಟೆಯಲ್ಲಿಟ್ಟು ಕೊಟ್ಟಂತೆ. ಎಲ್ಲರೂ ಒದೆತಕ್ಕೆ ಕಾಯುತ್ತಿದ್ದಾಗ ಚೆಂಡು ನೇರವಾಗಿ ಜೇಲನ್ ರೀವ್ಸ್-ಮೇಬಿನ್ ಕೈಗೆ ಹೋಯಿತು, ಅವನು ನುಗ್ಗಿ ಮೂರು ಗಜ ತೆಗೆದ. ಚೆಂಡು ನಮ್ಮಲ್ಲೇ ಉಳಿದು, ಆ ಸರದಿಯೇ ಮುಂದುವರಿದು ಟಚ್‌ಡೌನ್ ಆಯಿತು. ಆ ಆಟ ಗೆದ್ದಿದ್ದು 21-20ಕ್ಕೆ, ಒಂದೇ ಒಂದು ಪಾಯಿಂಟ್ ಅಂತರದಲ್ಲಿ. ನವೆಂಬರ್‌ನಲ್ಲಿ ಚಾರ್ಜರ್ಸ್ ತಂಡದ ಜೊತೆ 38-38 ಸಮ ಇತ್ತು, ಎರಡು ನಿಮಿಷವೂ ಉಳಿದಿರಲಿಲ್ಲ, ಮತ್ತೆ ನಾಲ್ಕನೇ ಡೌನ್. ಒದ್ದರೆ ಅಲ್ಲೇ ಮುನ್ನಡೆ ಸಿಗುತ್ತಿತ್ತು. ಕ್ಯಾಂಬೆಲ್ ಒದೆಸದೆ ಆಡಿಸಿದರು, ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜ್ಯಾರೆಡ್ ಗಾಫ್ ಎಸೆದದ್ದನ್ನು ಸ್ಯಾಮ್ ಲಾಪೋರ್ಟಾ ಹಿಡಿದ, ಗಡಿಯಾರ ಖಾಲಿಯಾಗುವವರೆಗೆ ಚೆಂಡು ನಮ್ಮ ಹತ್ತಿರವೇ ಇಟ್ಟುಕೊಂಡು ಕೊನೆಯ ಒದೆತದಲ್ಲಿ ಗೆದ್ದೆವು. ಆ ದಿನ ಇದೇ ಜನ ಕ್ಯಾಂಬೆಲ್‌ರನ್ನು ಎದೆಗಾರ ಅಂದಿದ್ದರು.

ಈ ತಂಡ ಎಲ್ಲಿಂದ ಎದ್ದು ಬಂದಿದೆ ಅಂತ ಗೊತ್ತಿದ್ದವರು ಹಾಗೆ ಮಾತಾಡಲಾರರು. ನಾನು ಮಿಷಿಗನ್‌ಗೆ ಬಂದದ್ದು 2008ರ ಚಳಿಗಾಲಕ್ಕೆ ಸ್ವಲ್ಪ ಮುಂಚೆ. ಆ ವರ್ಷ ಲಯನ್ಸ್ ಆಡಿದ 16ರಲ್ಲಿ 16ನ್ನೂ ಸೋತರು. ಕಾರು ಕಂಪನಿಗಳೂ ಕುಸಿಯುತ್ತಿದ್ದವು. ಸೋಮವಾರ ಬಂದರೆ ಯಾವ ಕುರ್ಚಿ ಖಾಲಿಯಾಗಿದೆ ಅಂತ ನೋಡಿಕೊಂಡೇ ಒಳಗೆ ಹೋಗುತ್ತಿದ್ದೆವು. 2013ರಲ್ಲಿ ಡೆಟ್ರಾಯಿಟ್ ನಗರವೇ ದಿವಾಳಿ ಅರ್ಜಿ ಹಾಕಿತು. ಆ 0-16 ತಂಡದ ಆಟಗಾರರ ಪಟ್ಟಿಯಲ್ಲಿ ಡ್ಯಾನ್ ಕ್ಯಾಂಬೆಲ್ ಹೆಸರೂ ಇತ್ತು. ಅದೇ ಮನುಷ್ಯ 2021ರಲ್ಲಿ ಕೋಚ್ ಆಗಿ ಬಂದು, ನಮ್ಮನ್ನು ಕೆಡವಿದರೆ ಏಳುವಾಗ ಅವರ ಮೊಣಕಾಲ ಚಿಪ್ಪು ಕಚ್ಚಿಕೊಂಡು ಏಳ್ತೀವಿ ಅಂದಾಗ ದೇಶವೆಲ್ಲ ನಕ್ಕಿತು. ಮೊದಲ ವರ್ಷ ಮೂರೇ ಗೆಲುವು. ಎರಡನೇ ವರ್ಷ ಮೊದಲ ಏಳರಲ್ಲಿ ಆರು ಸೋಲು, ಆದರೂ ಕೊನೆಗೆ 9 ಗೆಲುವು, 8 ಸೋಲು. ಈ ಸಲ, 2023ರ ಸೀಸನ್‌ನಲ್ಲಿ, 12-5, 1993ರ ನಂತರ ಮೊದಲ ಸಲ ನಮ್ಮ ಡಿವಿಷನ್‌ನ (ಲೀಗ್‌ನೊಳಗಿನ ನಮ್ಮ ಗುಂಪಿನ) ಪಟ್ಟ.

ಜನವರಿ 14ರ ರಾತ್ರಿಯನ್ನು ನಾನು ಮರೆಯುವುದಿಲ್ಲ. ಮಾರನೆಯ ದಿನ ಸಂಕ್ರಾಂತಿ. ಟಿವಿ ಮುಂದೆ ಪೇಪರ್ ಹಾಸಿಕೊಂಡು ನಾನು ಕೊಬ್ಬರಿ ಹೆಚ್ಚುತ್ತಿದ್ದೆ, ಹೆಂಡತಿ ಬೆಲ್ಲ ಹೆಚ್ಚುತ್ತಿದ್ದಳು, ಮಗ ಹುರಿದ ಕಡಲೆಬೀಜದ ಸಿಪ್ಪೆ ಉಜ್ಜುತ್ತಿದ್ದ. ಎದುರಾಳಿ ಲಾಸ್ ಏಂಜಲಿಸ್ ರ‍್ಯಾಮ್ಸ್. ಅವರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್, 12 ವರ್ಷ ನಮ್ಮಲ್ಲೇ ಆಡಿದವನು. 2021ರಲ್ಲಿ ಅವನನ್ನು ಕೊಟ್ಟು, ರ‍್ಯಾಮ್ಸ್ ಬೇಡವೆಂದ ಗಾಫ್‌ನನ್ನೂ ಮುಂದಿನ ಡ್ರಾಫ್ಟ್‌ಗಳಲ್ಲಿ ಆಟಗಾರರನ್ನು ಆರಿಸುವ ಹಕ್ಕುಗಳನ್ನೂ ತಗೊಂಡಿದ್ದೆವು. ಅದರಲ್ಲೊಂದು ಹಕ್ಕನ್ನು ಬೇರೆ ತಂಡದೊಂದಿಗೆ ಅದಲುಬದಲು ಮಾಡಿಕೊಂಡಾಗ ಸಿಕ್ಕವರೇ ಜಮೀರ್ ಗಿಬ್ಸ್ ಮತ್ತು ಲಾಪೋರ್ಟಾ. ಆ ರಾತ್ರಿ ಇಬ್ಬರೂ ಒಂದೊಂದು ಟಚ್‌ಡೌನ್ ಹೊಡೆದರು. 24-23. ಕೊನೆಯಲ್ಲಿ ಗಾಫ್ ಎಸೆದ 11 ಗಜದ ಪಾಸನ್ನು ಆಮನ್-ರಾ ಸೇಂಟ್ ಬ್ರೌನ್ ಹಿಡಿದಾಗ ನನ್ನ ಚಾಕು ಕೈಯಲ್ಲೇ ನಿಂತಿತ್ತು. ನಮ್ಮ ಮೈದಾನ ಫೋರ್ಡ್ ಫೀಲ್ಡ್ ತುಂಬ "ಜ್ಯಾರೆಡ್ ಗಾಫ್, ಜ್ಯಾರೆಡ್ ಗಾಫ್" ಅನ್ನುವ ಕೂಗು. ಪ್ಲೇಆಫ್‌ನಲ್ಲಿ 32 ವರ್ಷದ ನಂತರ ಮೊದಲ ಗೆಲುವು! "ಅಪ್ಪ, ಅಳ್ತಿದೀರಾ?" ಅಂದ ಮಗ. ಹೌದು, ಅಳುತ್ತಿದ್ದೆ.

ಮಾರನೆಯ ದಿನ ಪಕ್ಕದ ಮನೆಗೆ ಎಳ್ಳುಬೆಲ್ಲದ ಡಬ್ಬಿ ಕೊಡಲು ಹೋದೆ. ಅವರು ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದು ನಿವೃತ್ತರಾದವರು, 73 ವರ್ಷ. ಲಯನ್ಸ್ ಕೊನೆಯ ಸಲ ಚಾಂಪಿಯನ್ ಆದದ್ದು 1957ರಲ್ಲಿ, ಕ್ಲೀವ್‌ಲ್ಯಾಂಡನ್ನು 59-14ಕ್ಕೆ ಸೋಲಿಸಿ. ಆಗ ಅವರಿಗೆ ಆರು ವರ್ಷ, ಏನೂ ನೆನಪಿಲ್ಲವಂತೆ. ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತು, ಆ ಚಳಿಯಲ್ಲಿ ಅರ್ಧ ಗಂಟೆ ಹಿಂದಿನ ರಾತ್ರಿಯ ಆಟವನ್ನು ಒಂದೊಂದಾಗಿ ಹೇಳಿದರು. ನಾನೂ ನೋಡಿದ್ದೇನೆ ಅಂತ ಗೊತ್ತಿದ್ದೂ ಹೇಳಿದರು, ನಾನೂ ಕೇಳಿದೆ.

ಈಗ ಸೋಲಿನ ಮಾತಿಗೆ ಬರ್ತೀನಿ. ಮೊದಲ ನಾಲ್ಕನೇ ಡೌನ್‌ನಲ್ಲಿ ಗಾಫ್ ಎಸೆದದ್ದು ಸರಿಯಾಗಿಯೇ ಇತ್ತು. ಜಾಶ್ ರೆನಾಲ್ಡ್ಸ್ ಕೈಗೆ ಬಂದ ಚೆಂಡು ಜಾರಿತು. ಅದಾದ ಮೇಲೆ ನಮ್ಮ ಕಿಂಡಲ್ ವಿಲ್ಡರ್ ಹೆಲ್ಮೆಟ್‌ಗೆ ಬಡಿದು ಚಿಮ್ಮಿದ ಚೆಂಡು ಅವರ ಬ್ರ್ಯಾಂಡನ್ ಐಯುಕ್ ಕೈಗೆ ಬಿತ್ತು, 51 ಗಜ ಹೋಯಿತು. ಆಮೇಲೆ ಗಿಬ್ಸ್ ಕೈಯಿಂದ ಚೆಂಡು ಕಳಚಿ ಬಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ನಮ್ಮವರ ಕೈಗೆ ಸಿಗದೆ ಓಡಿ ಓಡಿ ಗಜ ತೆಗೆದ. ಇದರಲ್ಲಿ ಯಾವುದು ಕ್ಯಾಂಬೆಲ್ ತಪ್ಪು? ಒದ್ದಿದ್ದರೆ ಮೂರು ಪಾಯಿಂಟ್ ಖಂಡಿತ ಅಂತ ಹೇಳಿದ್ದು ಯಾರು? ಎರಡೂ 45 ಗಜಕ್ಕಿಂತ ಉದ್ದದ ಒದೆತಗಳು, ಬಯಲು ಮೈದಾನದಲ್ಲಿ. ಸೆಪ್ಟೆಂಬರ್‌ನಿಂದ ಆಟಗಾರರಿಗೆ "ನಿಮ್ಮ ಮೇಲೆ ನನಗೆ ನಂಬಿಕೆಯಿದೆ" ಅಂತ ಮೈದಾನದಲ್ಲಿ ತೋರಿಸುತ್ತ ಬಂದ ಕೋಚ್, ಅತಿ ದೊಡ್ಡ ಸಂಜೆ ಆ ನಂಬಿಕೆಯನ್ನು ವಾಪಸ್ ತಗೊಂಡಿದ್ದರೆ ನನಗೆ ಈ ಸೋಲಿಗಿಂತ ಹೆಚ್ಚು ನೋವಾಗುತ್ತಿತ್ತು. ಆಟ ಮುಗಿದ ಮೇಲೆ ಅವರು ಆ ತೀರ್ಮಾನಗಳಿಗೆ ಪಶ್ಚಾತ್ತಾಪವಿಲ್ಲ ಅಂದರು. ತಪ್ಪನ್ನು ಬೇರೆ ಯಾರ ಮೇಲೂ ಹಾಕಲಿಲ್ಲ.

ಸೂಪರ್ ಬೌಲ್ ಈ ಭಾನುವಾರ, 2024ರ ಫೆಬ್ರವರಿ 11ಕ್ಕೆ. ಒಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊ, ಇನ್ನೊಂದು ಕಡೆ ನಾವು ಸೆಪ್ಟೆಂಬರ್‌ನಲ್ಲಿ ಸೋಲಿಸಿದ ಚೀಫ್ಸ್. ನನಗಿನ್ನೂ ನೋಡುವ ಮನಸ್ಸಾಗಿಲ್ಲ. ಆಟದ ತಂತ್ರ ಹೆಣೆಯುವ ಬೆನ್ ಜಾನ್ಸನ್ ಬೇರೆ ತಂಡಗಳ ಮುಖ್ಯ ಕೋಚ್ ಕೆಲಸದ ಹಿಂದೆ ಹೋಗದೆ 2024ರ ಸೀಸನ್‌ಗೂ ಇಲ್ಲೇ ಉಳಿದುಕೊಳ್ಳುತ್ತಾರಂತೆ. ಈ ವಾರ ಕೇಳಿದ ಒಂದೇ ಒಳ್ಳೆಯ ಸುದ್ದಿ ಅದು. ಪಕ್ಕದ ಮನೆಯವರು ನಿನ್ನೆ ನಮ್ಮ ಡಬ್ಬಿ ವಾಪಸ್ ತಂದರು, ಒಳಗೆ ಅವರ ಹೆಂಡತಿ ಮಾಡಿದ ಬಿಸ್ಕತ್ತು. ಅವರ ಮನೆಯ ಕಂಬದ ನೀಲಿ ಬಾವುಟ ಇನ್ನೂ ಹಾಗೇ ಇದೆ. ಯಾವಾಗ ತೆಗೀತೀರಿ ಅಂತ ಕೇಳಿದೆ. "ಯಾಕೆ ತೆಗೀಬೇಕು?" ಅಂದರು.