ಸರ್ಕಾರಿ ಕಾಲೇಜಿನ ಶುಲ್ಕವನ್ನು ಪುರಸಭೆ ಭರಿಸಬೇಕೇ? ಪರ – ವಿರೋಧ

ತಾಲ್ಲೂಕು ಕೇಂದ್ರದಲ್ಲಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ರಾಜ್ಯ ಸರ್ಕಾರದ್ದು. ಅದರ ಕಟ್ಟಡ, ಅಧ್ಯಾಪಕರು, ಶುಲ್ಕದ ದರ ಯಾವುದರಲ್ಲೂ ಊರಿನ ಪುರಸಭೆಗೆ ಮಾತಿಲ್ಲ. ಆದರೂ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿರುವುದರಿಂದ, ಆ ನಿಧಿಯಲ್ಲಿ ವಿದ್ಯಾರ್ಥಿಗಳ ಶುಲ್ಕ ಮರುಪಾವತಿಯೂ ಒಂದು ಬಾಬತ್ತಾಗಿ ನಡೆದುಬಂದಿದೆ. ಇದನ್ನು ಮೀರಿ, ಊರಿನ ಎಲ್ಲ ಬಡ ವಿದ್ಯಾರ್ಥಿಗಳ ಕಾಲೇಜು ಶುಲ್ಕವನ್ನು ಪುರಸಭೆಯೇ ಭರಿಸಬೇಕೆಂಬ ಬೇಡಿಕೆಯ ಬಗ್ಗೆ ಒಬ್ಬ ನಿವೃತ್ತ ಪ್ರಾಧ್ಯಾಪಕರು ಪರವಾಗಿಯೂ, ಪುರಸಭೆಯ ಒಬ್ಬ ಮಾಜಿ ಸದಸ್ಯರು ವಿರುದ್ಧವಾಗಿಯೂ ಬರೆದಿದ್ದಾರೆ.

ಪರ: ಶುಲ್ಕ ಕೇಳುವುದು ಜುಲೈನಲ್ಲಿ, ಹಣ ಬರುವುದು ಮಾರ್ಚ್‌ನಲ್ಲಿ

ಮೂರು ದಶಕ ಸರ್ಕಾರಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದ ನನ್ನ ಮೇಜಿನ ಖಾನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಸದಾ ಇರುತ್ತಿತ್ತು. ಎಡಗಡೆ ವಿದ್ಯಾರ್ಥಿಯ ಹೆಸರು, ತರಗತಿ, ಕೊಟ್ಟ ಮೊತ್ತ. ಬಲಗಡೆ ಹಣ ವಾಪಸ್ ಬಂದ ತಾರೀಖು. ಪ್ರವೇಶದ ಕೊನೆಯ ದಿನವೋ ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನವೋ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಎಸ್‌ಎಸ್‌ಪಿ (ವಿದ್ಯಾರ್ಥಿವೇತನದ ಸರ್ಕಾರಿ ಪೋರ್ಟಲ್) ಅರ್ಜಿಯ ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, "ಸರ್, ಸ್ಕಾಲರ್‌ಶಿಪ್ ಬಂದ ಕೂಡ್ಲೇ ಕಟ್ತೀನಿ, ಆಫೀಸಲ್ಲಿ ಒಂದು ಮಾತು ಹೇಳಿ" ಎನ್ನುತ್ತಿದ್ದರು. ಆಫೀಸಿನವರೇನೂ ನಿರ್ದಯಿಗಳಲ್ಲ. ಎಲ್ಲವೂ ಆನ್‌ಲೈನ್ ಆದ ಮೇಲೆ ಶುಲ್ಕ ಪಾವತಿಯಾಗದೆ ಅರ್ಜಿ ಮುಂದಿನ ಹಂತಕ್ಕೇ ಹೋಗುವುದಿಲ್ಲವಾದ್ದರಿಂದ ಯಾರು ಮಾತು ಹೇಳಿದರೂ ಪ್ರಯೋಜನವಿರಲಿಲ್ಲ. ನಾನೋ ಪಕ್ಕದ ಮೇಜಿನ ಸಹೋದ್ಯೋಗಿಯೋ ಕಟ್ಟುತ್ತಿದ್ದೆವು. ನಿವೃತ್ತಿಯ ದಿನ ಆ ನೋಟ್‌ಬುಕ್ಕನ್ನು ತಿರುವಿ ನೋಡಿದಾಗ ಬಲಗಡೆಯ ಕಾಲಂ ಹೆಚ್ಚುಕಡಿಮೆ ಪೂರ್ತಿ ತುಂಬಿತ್ತು. ಅಲ್ಲಿದ್ದ ತಾರೀಖುಗಳು ಬಹುಪಾಲು ಫೆಬ್ರುವರಿ, ಮಾರ್ಚ್ ತಿಂಗಳಿನವು. ಕೆಲವು ಮುಂದಿನ ವರ್ಷದವು.

ಬಡ ವಿದ್ಯಾರ್ಥಿಗೆ ಸರ್ಕಾರ ಏನೂ ಕೊಡುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ನೆರವು ಇದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿ ನಿಗದಿಯಾಯಿತು. ನಮ್ಮ ಕಾಲೇಜುಗಳ ಶುಲ್ಕವೂ ಖಾಸಗಿ ಕಾಲೇಜುಗಳ ಮುಂದೆ ಅತ್ಯಲ್ಪ. ಇಷ್ಟೆಲ್ಲ ಇದ್ದೂ ಮಕ್ಕಳು ಬಾಗಿಲಲ್ಲಿ ಬಂದು ನಿಲ್ಲುವುದು ಏಕೆಂದರೆ, ಈ ನೆರವು ಪ್ರವೇಶದ ದಿನ ಅವರ ಕೈಯಲ್ಲಿ ಇರುವುದಿಲ್ಲ. ಪರಿಶಿಷ್ಟ ಜಾತಿಯವರ ವಿದ್ಯಾರ್ಥಿವೇತನದಲ್ಲಿ ಶೇ 60ರಷ್ಟಿರುವ ಕೇಂದ್ರದ ಪಾಲು 2021ರ ನಂತರ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರತೊಡಗಿತು. ಉದ್ದೇಶ ಒಳ್ಳೆಯದೇ, ಆದರೆ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿಲ್ಲವೆಂದೋ, ಹೆಸರಿನ ಇನಿಷಿಯಲ್ ಹೊಂದುತ್ತಿಲ್ಲವೆಂದೋ ಆ ಹಣ ತಿಂಗಳುಗಟ್ಟಲೆ ನಿಂತುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ನಡುವಿನ ತಿಂಗಳುಗಳಲ್ಲಿ ಏನಾಗುತ್ತದೆ ಎಂಬುದು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಮೊದಲನೇ ಸೆಮಿಸ್ಟರಿನ ಹುಡುಗನೊಬ್ಬ ಶುಲ್ಕಕ್ಕಾಗಿ ಮಾಡಿದ ಕೈಸಾಲ ತೀರಿಸಲು ಮದುವೆ ಛತ್ರಗಳಲ್ಲಿ ಬಡಿಸುವ ಕೆಲಸಕ್ಕೆ ಸೇರಿಕೊಂಡ. ಕಾರ್ತಿಕದಲ್ಲಿ ಮುಹೂರ್ತಗಳು ಶುರುವಾದ ಮೇಲೆ ಸೋಮವಾರದ ತರಗತಿಗೆ ಬಂದರೂ ಕೂತಲ್ಲೇ ತೂಕಡಿಸುತ್ತಿದ್ದ, ಆಮೇಲೆ ಬರುವುದನ್ನೇ ನಿಲ್ಲಿಸಿದ. ಅವನ ವಿದ್ಯಾರ್ಥಿವೇತನ ಮಂಜೂರಾದ ಸಂದೇಶ ಬಂದಾಗ ಅವನು ಬೆಂಗಳೂರಿನ ಒಂದು ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಿದ್ದ.

ಆದ್ದರಿಂದ ನಾನು ಕೇಳುತ್ತಿರುವುದು ದಾನವನ್ನಲ್ಲ, ಪುರಸಭೆಯ ಬಜೆಟ್ಟಿನಲ್ಲಿ ಒಂದು ಆವರ್ತ ನಿಧಿಯನ್ನು. ಜುಲೈನಲ್ಲಿ ಪುರಸಭೆ ವಿದ್ಯಾರ್ಥಿಯ ಪರವಾಗಿ ಕಾಲೇಜಿಗೆ ಶುಲ್ಕ ಕಟ್ಟಲಿ. ವಿದ್ಯಾರ್ಥಿವೇತನ ಬಂದಾಗ ಅದು ನಿಧಿಗೆ ಮರಳಲಿ. ವೇತನಕ್ಕೆ ಅರ್ಹತೆಯೇ ಇಲ್ಲದ, ಆದರೆ ನಿಜಕ್ಕೂ ಕಷ್ಟದಲ್ಲಿರುವ ಮನೆಯ ಮಕ್ಕಳಿಗೆ ಮಾತ್ರ ಅದು ಪೂರ್ತಿ ಸಹಾಯವಾಗಿ ಉಳಿಯಲಿ. ಯಾರ ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದಿದ್ದಾರೆ, ಯಾರು ಬಾಡಿಗೆ ಕಟ್ಟಲಾಗದೆ ಮನೆ ಬದಲಾಯಿಸಿದ್ದಾರೆ ಎಂಬುದು ವಿಧಾನಸೌಧಕ್ಕೆ ತಿಳಿಯುವುದಿಲ್ಲ, ವಾರ್ಡಿಗೆ ತಿಳಿಯುತ್ತದೆ.

ಕಾಲೇಜು ಶಿಕ್ಷಣ ಪುರಸಭೆಯ ಕೆಲಸವೇ ಅಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಉತ್ತೇಜನವೂ ಒಂದು. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಶಾಲೆಗಳನ್ನಷ್ಟೇ ಅಲ್ಲ, ಪದವಿ ಕಾಲೇಜುಗಳನ್ನೂ ನಡೆಸಿಕೊಂಡು ಬಂದಿತ್ತು. ಪ್ರತಿ ಮನೆಯ ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರ ಸೇರಿಯೇ ಇರುತ್ತದೆ. ಊರಿನವರ ಓದಿಗೆ ಊರಿನ ತೆರಿಗೆ ಎಂಬುದು ನಮಗೆ ಹೊಸತಲ್ಲ.

ಹೊರಗಿನ ಉದಾಹರಣೆ ಬೇಕೆಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೋಡಬಹುದು. ಅಲ್ಲಿನ ಮತದಾರರು 2016ರ ನವೆಂಬರ್‌ನಲ್ಲಿ 50 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಯ ಆಸ್ತಿಗಳ ವರ್ಗಾವಣೆ ತೆರಿಗೆಯನ್ನು ಏರಿಸಲು ಒಪ್ಪಿದರು. 2017ರ ಫೆಬ್ರುವರಿಯಲ್ಲಿ ಮೇಯರ್ ಎಡ್ ಲೀ ಮತ್ತು ನಗರದ ಮೇಲ್ವಿಚಾರಕರ ಮಂಡಳಿಯ (ಅಲ್ಲಿನ ಚುನಾಯಿತ ನಗರಸಭೆ) ನಡುವೆ ಒಪ್ಪಂದವಾಗಿ, ಆ ವರ್ಷದ ಕೊನೆಯ ಅವಧಿಯಿಂದ ಅಲ್ಲಿನ ಸಾರ್ವಜನಿಕ ಸಿಟಿ ಕಾಲೇಜಿನಲ್ಲಿ ಓದುವ ನಗರವಾಸಿಗಳಿಗೆ ಪಾಠದ ಒಂದು ಯೂನಿಟ್‌ಗೆ (ಕ್ರೆಡಿಟ್) 46 ಡಾಲರ್‌ನಂತಿದ್ದ ಶುಲ್ಕವನ್ನು ನಗರಾಡಳಿತವೇ ಭರಿಸತೊಡಗಿತು. ರಾಜ್ಯದಿಂದ ಶುಲ್ಕ ವಿನಾಯಿತಿ ಮೊದಲೇ ಇದ್ದ ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಮುಂತಾದ ಖರ್ಚಿಗೆ ನೆರವು ಸಿಕ್ಕಿತು. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಗತಿ. ಶುಲ್ಕ ಮನ್ನಾ ಆದ ಮೇಲೂ ಬಡವನಿಗೆ ಖರ್ಚು ಉಳಿದಿರುತ್ತದೆ ಎಂಬುದನ್ನು ಅವರು ಗುರುತಿಸಿದರು. ನಮ್ಮಲ್ಲಿ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ತಪ್ಪಿದೆ. ಹುಡುಗರ ಪಾಸಿನ ಹಣ, ಇಬ್ಬರ ಪರೀಕ್ಷಾ ಶುಲ್ಕ ಇನ್ನೂ ಹಾಗೆಯೇ ಇವೆ.

ಇದು ರಾಜ್ಯ ಸರ್ಕಾರದ ಹೊಣೆ ಎಂಬುದು ಸರಿ. ಆದರೆ ಸರ್ಕಾರ ತನ್ನ ಹೊಣೆಯನ್ನು ಸಮಯಕ್ಕೆ ನಿಭಾಯಿಸುವಂತಾಗಲು ಎಷ್ಟು ವರ್ಷ ಬೇಕೋ ಗೊತ್ತಿಲ್ಲ, ಹದಿನೆಂಟರ ಹುಡುಗನಿಗೆ ಸಿಗುವುದು ಒಂದೇ ಜುಲೈ. ಕಾಲೇಜಿನಿಂದಲೇ ರೂಮು ಬಾಡಿಗೆ, ಮೆಸ್ಸು, ಜೆರಾಕ್ಸ್ ಅಂಗಡಿಗಳು ನಡೆಯುವ ಊರು, ಆ ಕಾಲೇಜಿನ ಮಕ್ಕಳಿಗೆ ಎಂಟು ತಿಂಗಳ ಮಟ್ಟಿಗೆ ಕೈಗಡ ಕೊಡಲಾರದಷ್ಟು ಬಡ ಊರಲ್ಲ.

ವಿರೋಧ: ಮೇಷ್ಟರ ನೋಟ್‌ಬುಕ್ಕೇ ಬೇರೆ, ಪುರಸಭೆಯ ಕಡತವೇ ಬೇರೆ

ಪ್ರಾಧ್ಯಾಪಕರ ನೋಟ್‌ಬುಕ್ಕಿಗೆ ನಾನು ಕೈಮುಗಿಯುತ್ತೇನೆ. ಅದು ಕೆಲಸ ಮಾಡಿದ್ದಕ್ಕೆ ಕಾರಣವಿದೆ: ಎದುರು ನಿಂತ ಹುಡುಗನ ಮುಖ ಅವರಿಗೆ ಗೊತ್ತಿತ್ತು, ಹಣವನ್ನು ಅದೇ ಗಂಟೆಯಲ್ಲಿ ಕೊಡುತ್ತಿದ್ದರು, ಯಾರ ಸಹಿಯನ್ನೂ ಕಾಯುತ್ತಿರಲಿಲ್ಲ. ಪುರಸಭೆಗೆ ಈ ಮೂರೂ ಸಾಧ್ಯವಿಲ್ಲ. ಹತ್ತು ವರ್ಷ ಸದಸ್ಯನಾಗಿ, ಎರಡು ವರ್ಷ ಸ್ಥಾಯಿ ಸಮಿತಿಯ ಅಧ್ಯಕ್ಷನಾಗಿ ಶೇ 24.10ರ ಕಡತಗಳ ಮೇಲೆ ಕೈಯಾಡಿಸಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಆ ಕಡತ ಹೇಗೆ ನಡೆಯುತ್ತದೆಂದು ಊರಿನವರಿಗೆ ತಿಳಿದಿರಬೇಕು. ಮೊದಲು ಕ್ರಿಯಾ ಯೋಜನೆ ಸಿದ್ಧವಾಗಬೇಕು, ಅದಕ್ಕೆ ಸಾಮಾನ್ಯ ಸಭೆಯ ಒಪ್ಪಿಗೆ, ಬಳಿಕ ಜಿಲ್ಲಾ ಮಟ್ಟದ ಅನುಮೋದನೆ ಬೇಕು. ಅನಂತರ ಪತ್ರಿಕಾ ಪ್ರಕಟಣೆ, ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರ, ಪರಿಶೀಲನೆ, ಪಟ್ಟಿ, ಆ ಪಟ್ಟಿಗೆ ಮತ್ತೊಮ್ಮೆ ಸಭೆಯ ಒಪ್ಪಿಗೆ. ನಮ್ಮಲ್ಲಿ ಅರ್ಜಿ ಕರೆಯುವುದೇ ಡಿಸೆಂಬರ್‌ನಲ್ಲಾಗುತ್ತಿತ್ತು, ಚೆಕ್ಕುಗಳು ತಯಾರಾಗುತ್ತಿದ್ದದ್ದು ಮಾರ್ಚ್ ಕೊನೆಯ ವಾರದಲ್ಲಿ. ಒಂದು ವರ್ಷ ಹನ್ನೊಂದು ಚೆಕ್ಕುಗಳು ಯಾರೂ ಒಯ್ಯದೆ ಕಪಾಟಿನಲ್ಲೇ ಉಳಿದವು. ವಿದ್ಯಾರ್ಥಿಗಳು ಪದವಿ ಮುಗಿಸಿ ಊರು ಬಿಟ್ಟಿದ್ದರು, ಮೂರು ತಿಂಗಳು ಕಳೆದ ಮೇಲೆ ಆ ಚೆಕ್ಕುಗಳಿಗೆ ಬೆಲೆಯೂ ಉಳಿಯಲಿಲ್ಲ. ಯಾರೂ ಲಂಚ ಕೇಳಿರಲಿಲ್ಲ, ಯಾರೂ ಬೇಕೆಂದು ತಡೆದಿರಲಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಇರಬೇಕೆಂಬ ನಿಯಮಗಳನ್ನು ಅವು ಇದ್ದ ಹಾಗೆಯೇ ಪಾಲಿಸಿದ್ದೆವು. ಮಾರ್ಚ್‌ನಲ್ಲಿ ಬರುವ ಸರ್ಕಾರದ ಹಣಕ್ಕೆ ಪರಿಹಾರವಾಗಿ ಮಾರ್ಚ್‌ನಲ್ಲೇ ಬರುವ ಪುರಸಭೆಯ ಹಣವನ್ನು ಪ್ರಾಧ್ಯಾಪಕರು ಕೇಳುತ್ತಿದ್ದಾರೆ.

ವಾರ್ಡಿಗೆ ಎಲ್ಲ ತಿಳಿದಿರುತ್ತದೆ ಎಂದು ಅವರು ಬರೆದಿದ್ದಾರೆ. ತಿಳಿದಿರುತ್ತದೆ, ಅದರಿಂದಲೇ ತೊಂದರೆ. ಫಲಾನುಭವಿಗಳ ಪಟ್ಟಿ ಸಭೆಗೆ ಬಂದಾಗ ನಡೆಯುವ ಚರ್ಚೆ ಯಾರ ಕಷ್ಟ ಹೆಚ್ಚು ಎಂಬುದರ ಮೇಲೆ ನಡೆಯುವುದಿಲ್ಲ, ನನ್ನ ವಾರ್ಡಿಗೆ ಎಷ್ಟು ಎಂಬುದರ ಮೇಲೆ ನಡೆಯುತ್ತದೆ. ಕೊನೆಗೆ ಹಣವನ್ನು ವಾರ್ಡುಗಳಿಗೆ ಸಮನಾಗಿ ಹಂಚಿ ಸಭೆ ಮುಗಿಸುತ್ತೇವೆ. ಕೊಳೆಗೇರಿಯಿರುವ ವಾರ್ಡಿಗೂ ಬಡಾವಣೆಯ ವಾರ್ಡಿಗೂ ಒಂದೇ ಸಂಖ್ಯೆ. ಆ ನಿರ್ಣಯಗಳಿಗೆ ನಾನೂ ಕೈ ಎತ್ತಿದ್ದೇನೆ, ಅದು ತಪ್ಪೆಂದು ಈಗ ಅನ್ನಿಸುತ್ತದೆ. ವಿದ್ಯಾರ್ಥಿವೇತನ ಸದಸ್ಯರ ಶಿಫಾರಸು ಪತ್ರವಿಲ್ಲದೆ ಸಿಗುವಂಥ ಹಕ್ಕಾಗಿ ಉಳಿಯಬೇಕು.

ಇನ್ನೂ ದೊಡ್ಡ ಅನ್ಯಾಯ ಊರಿನ ಗಡಿಯಲ್ಲಿ ಆಗುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜಿಗೆ ಬೆಳಗಿನ ಬಸ್ಸುಗಳಲ್ಲಿ ಬಂದಿಳಿಯುವವರು ಸುತ್ತಲಿನ ಹಳ್ಳಿಗಳ ಮಕ್ಕಳು. ಪುರಸಭೆಯ ತೆರಿಗೆ ಹಣವನ್ನು ಪುರಸಭೆಯ ವ್ಯಾಪ್ತಿಯವರಿಗೇ ಖರ್ಚು ಮಾಡಬೇಕಾದುದರಿಂದ, ಒಂದೇ ಬೆಂಚಿನ ಇಬ್ಬರಲ್ಲಿ ಪಟ್ಟಣದ ವಿದ್ಯಾರ್ಥಿಯ ಶುಲ್ಕ ಕಟ್ಟಿ ಹಳ್ಳಿಯ ವಿದ್ಯಾರ್ಥಿಯನ್ನು ಬಿಡಬೇಕಾಗುತ್ತದೆ. ಅವನ ಗ್ರಾಮ ಪಂಚಾಯಿತಿ ಕೊಡಲಿ ಎಂದರೆ, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಸ್ವಂತ ಆದಾಯದಲ್ಲಿ ಬೀದಿದೀಪದ ಬಿಲ್ಲು ಕಟ್ಟುವುದೇ ಎಷ್ಟೋ ಪಂಚಾಯಿತಿಗಳಿಗೆ ಕಷ್ಟ.

ಸ್ಯಾನ್ ಫ್ರಾನ್ಸಿಸ್ಕೊದ ಮಾತೂ ಹಾಗೆಯೇ. ಅಲ್ಲಿಯೂ ನಗರದಲ್ಲಿ ವಾಸವಿದ್ದವರಿಗಷ್ಟೇ ಆ ಸೌಲಭ್ಯ ಸಿಕ್ಕಿತು. ಅವರಿಗೆ ಐವತ್ತು ಲಕ್ಷ ಡಾಲರಿನ ಕಟ್ಟಡಗಳಿದ್ದವು, ಅವುಗಳ ಮಾರಾಟದ ಮೇಲೆ ತೆರಿಗೆ ಏರಿಸುವ ಅಧಿಕಾರವಿತ್ತು. ನಮ್ಮಲ್ಲಿ ಮುದ್ರಾಂಕ, ನೋಂದಣಿ ಶುಲ್ಕ ರಾಜ್ಯದ ಕೈಯಲ್ಲಿವೆ. ಅಷ್ಟು ಅನುಕೂಲವಿದ್ದ ಆ ನಗರದಲ್ಲೂ ತೆರಿಗೆಯ ಹಣ ಸಾಮಾನ್ಯ ಖಜಾನೆಗೆ ಸೇರಿದ್ದರಿಂದ, ಕಾಲೇಜಿಗೆ ಎಷ್ಟು ಕೊಡಬೇಕೆಂದು ಮೇಯರ್ ಮತ್ತು ಮಂಡಳಿಯವರು ಚೌಕಾಸಿ ಮಾಡಬೇಕಾಯಿತು.

ಗ್ರಂಥಾಲಯ ಕರದ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ಭಯಕ್ಕೆ ಅದೇ ಆಧಾರ. ಮನೆಯವರಿಂದ ವಸೂಲಿಯಾದ ಆ ಕರ ಗ್ರಂಥಾಲಯ ಪ್ರಾಧಿಕಾರಕ್ಕೆ ಸಕಾಲಕ್ಕೆ ಸೇರದೆ ಬಾಕಿ ಬೆಳೆದ ಸುದ್ದಿ ಬೆಂಗಳೂರಿನಿಂದಲೇ ಮತ್ತೆ ಮತ್ತೆ ಬಂದಿದೆ. ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದ ಕರಕ್ಕೇ ಈ ಗತಿಯಾದರೆ, ಮರಳಿ ಬರುವ ನಂಬಿಕೆಯ ಮೇಲೆ ನಿಂತ ಆವರ್ತ ನಿಧಿ ಎಷ್ಟು ವರ್ಷ ಉಳಿದೀತು? ಕೇಳಲು ಚುನಾಯಿತರಾದರೂ ಇರಬೇಕಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಇದೇ ಸ್ಥಿತಿ ಬಂತು.

ಪುರಸಭೆ ಶುಲ್ಕ ಕಟ್ಟುತ್ತದೆಂದು ಗೊತ್ತಾದ ದಿನದಿಂದ ಸರ್ಕಾರಕ್ಕೆ ತಡಮಾಡಲು ಇನ್ನೊಂದು ನೆಪ ಸಿಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ಪಾಠ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತದ್ದೂ ಹೀಗೆಯೇ. ತಾತ್ಕಾಲಿಕ ಎಂದು ಮಾಡಿಕೊಂಡ ಏರ್ಪಾಡು ಅದು, ವರ್ಷಗಳು ಕಳೆದಂತೆ ಅದೇ ಪದ್ಧತಿಯಾಯಿತು. ಎಂಟು ತಿಂಗಳ ಕೈಗಡವೂ ಹಾಗಾಗದೆಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ.

ಹುಡುಗನಿಗೆ ಒಂದೇ ಜುಲೈ ಎಂಬ ಮಾತು ಮನಸ್ಸಿಗೆ ನಾಟುತ್ತದೆ. ಹಾಗಾದರೆ ಆ ಜುಲೈನಲ್ಲಿ ಅವನಿಂದ ಶುಲ್ಕ ಕೇಳುತ್ತಿರುವವರು ಯಾರು? ಕೊಡಬೇಕಾದವರೂ ಕೇಳುತ್ತಿರುವವರೂ ಒಂದೇ ಸರ್ಕಾರದ ಎರಡು ಇಲಾಖೆಗಳು. ಅರ್ಜಿ ಸ್ವೀಕರಿಸುವ ತಂತ್ರಾಂಶವೂ ಶುಲ್ಕ ಕೇಳುವ ತಂತ್ರಾಂಶವೂ ಸರ್ಕಾರದವೇ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಮುಂಗಡ ಶುಲ್ಕವಿಲ್ಲದೆ ಪ್ರವೇಶ ಪಡೆಯಲೆಂದು ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡಿನ ಏರ್ಪಾಡು ಇದೆ. ಅದನ್ನು ವಿದ್ಯಾರ್ಥಿವೇತನಕ್ಕೆ ಅರ್ಹರಾದ ಎಲ್ಲ ವರ್ಗದ ಮಕ್ಕಳಿಗೂ ವಿಸ್ತರಿಸಿ, ಅರ್ಜಿ ಸಂಖ್ಯೆ ನಮೂದಿಸಿದವರ ಪ್ರವೇಶವನ್ನೂ ಪರೀಕ್ಷಾ ಅರ್ಜಿಯನ್ನೂ ವೇತನ ಬರುವವರೆಗೆ ತಡೆಯಬಾರದೆಂದು ಒಂದು ಆದೇಶ ಹೊರಡಿಸಿದರೆ ಪಟ್ಟಣ, ಹಳ್ಳಿ ಎಂಬ ಭೇದವಿಲ್ಲದೆ ಇಡೀ ರಾಜ್ಯದ ಮಕ್ಕಳಿಗೆ ಅನ್ವಯಿಸುತ್ತದೆ. ಪುರಸಭೆ ತನ್ನ ಹಣವನ್ನು ಬಸ್ ನಿಲ್ದಾಣದಿಂದ ಕಾಲೇಜಿನವರೆಗಿನ ಕತ್ತಲ ರಸ್ತೆಗೆ, ಹಾಸ್ಟೆಲಿನ ನೀರಿಗೆ, ರಾತ್ರಿ ಒಂಬತ್ತರವರೆಗೆ ತೆರೆದಿರುವ ಒಂದು ವಾಚನಾಲಯಕ್ಕೆ ಹಾಕಲಿ.

ನಮ್ಮ ಪುರಸಭೆ ಈ ವಿಷಯದಲ್ಲಿ ನಿರ್ಣಯ ಮಾಡುವುದಾದರೆ, ಆ ಆದೇಶವನ್ನು ಸರ್ಕಾರದಿಂದ ಕೇಳುವ ನಿರ್ಣಯವನ್ನೇ ಮಾಡಲಿ. ಅದರ ಕರಡು ಬರೆದುಕೊಡಲು ಪ್ರಾಧ್ಯಾಪಕರೇ ಬರಲಿ, ಬರುವಾಗ ನೋಟ್‌ಬುಕ್ಕನ್ನೂ ತರಲಿ. ಅದರ ಬಲಗಡೆಯ ಕಾಲಂನಲ್ಲಿರುವ ತಾರೀಖುಗಳಷ್ಟು ಬಲವಾದ ದಾಖಲೆ ನಮ್ಮ ಕಚೇರಿಯ ಯಾವ ಕಡತದಲ್ಲೂ ಇಲ್ಲ.